ಮದುವೆಯ ಮರುಬೆಳಗಿನ ತಟ್ಟೆ

ಫೆಬ್ರವರಿ ೯, ಶುಕ್ರವಾರ

ಆ ಹೆಂಗಸು ಬಂದಳು.

ನಾನು ಶುಕ್ರವಾರದ ಗೇಮರ್ ಕೆನೆಯನ್ನು ತಟ್ಟೆಗೆ ಹಾಕಿ ಬಿಸಿ ಸಮ್ಮೂನ್ ರೊಟ್ಟಿ ಮುರಿಯುವ ಹೊತ್ತಿಗೆ ಸರಿಯಾಗಿ, ಬಸ್ರಾದ ರೈಲು ಇಳಿದು ಬಂದು ಬಾಗಿಲು ತಟ್ಟಿದಳು. ಒಂದು ಪೆಟ್ಟಿಗೆ, ಒಂದು ಡಬ್ಬ ಖರ್ಜೂರದ ಜೋನಿ, ಮುಖದ ತುಂಬ ಸಂಕೋಚ. "ತಿಂಡಿ ಹೊತ್ತಿಗೇ ಬಂದ್ಬಿಟ್ಟೆ, ಅತ್ತಿಗೆ" ಅಂದಳು. "ಬಾ, ಕೂತ್ಕೋ" ಅಂದೆ. ಎಮ್ಮೆಹಾಲಿನ ಕೆನೆ ಎದುರಿಗಿರುವಾಗ ಶತ್ರು ಬಂದರೂ ಕೂರಿಸಬೇಕು ಎಂದು ನಮ್ಮಮ್ಮ ಕಲಿಸಿದ್ದಾಳೆ.

ಕೂತವಳು ಏನು ಮಾಡಿದಳು? ಡಬ್ಬ ಬಿಚ್ಚಿ, ಅಷ್ಟು ಬೆಳ್ಳಗಿದ್ದ ಗೇಮರಿನ ಮೇಲೆ ಆ ಕಪ್ಪು ಜೋನಿ ಸುರಿದಳು. ತನ್ನ ಪಾಲಿನ ಮೇಲಲ್ಲ, ಇಡೀ ತಟ್ಟೆಯ ಮೇಲೆ. ಈ ಮನೆಯಲ್ಲಿ ಗೇಮರಿಗೆ ಜೇನು. ನಮ್ಮಜ್ಜನ ಕಾಲದಿಂದ ಜೇನು. ರಫಲ್ ರೊಟ್ಟಿಯ ಚೂರಿನಲ್ಲಿ ಬಳಿದು ಬಾಯಿಗಿಟ್ಟು "ಅತ್ತೆ, ಸಕ್ಕತ್ತಾಗಿದೆ, ನೋಡು!" ಅಂದಳು. ನಾನು ಬರೀ ಚಹಾ ಕುಡಿದು ಎದ್ದೆ.

ಮದುವೆಗೆ ಇನ್ನೂ ಮೂರು ವಾರವಿದೆ. ಅಷ್ಟು ದಿನವೂ ಇವಳು ಇಲ್ಲೇ. ಕರೆದದ್ದು ರಫಲ್, ಮದುವೆ ರಫಲ್‌ಳದ್ದು, ನಾನೇನು ಹೇಳಲಿ? ಬಾಯಿ ಬಿಟ್ಟರೆ ಜಗಳವಾಗುತ್ತದೆ, ಅದಕ್ಕೇ ಬರೆಯಲು ಕೂತಿದ್ದೇನೆ. ಟೆಲಿಫೋನ್ ಕಚೇರಿಯಲ್ಲಿ ಅರ್ಧ ಆಯುಷ್ಯ ಇನ್ನೊಬ್ಬರ ಮಾತಿಗೆ ತಂತಿ ಜೋಡಿಸಿ ತೆಪ್ಪಗೆ ಕೂತವಳು ನಾನು. ಮೂರು ವಾರ ಬಾಯಿ ಮುಚ್ಚಿಕೊಂಡಿರಲು ನನ್ನಿಂದಾಗುತ್ತದೆ.

ಫೆಬ್ರವರಿ ೧೦, ಶನಿವಾರ

ಆಗುವುದಿಲ್ಲ. ಬರೆದೇ ತೀರಬೇಕು.

ನನ್ನ ತಮ್ಮ ಮುಹನ್ನದ್ ಸತ್ತಾಗ ಅವನ ಮಗಳು ರಫಲ್ ಇನ್ನೂ ತೊದಲುತ್ತಿದ್ದಳು. ಮರುವರ್ಷ ಅವನ ಹೆಂಡತಿ ಸುಂದುಸಳನ್ನು, ನಿನ್ನೆ ಬಂದ ಇವಳನ್ನೇ, ಅವಳ ಅಣ್ಣಂದಿರು ಬಸ್ರಾದ ಒಬ್ಬ ವಿಧುರನಿಗೆ ಕೊಟ್ಟರು. "ನಮ್ಮ ಮಗು ಬೇರೆ ಗಂಡಸಿನ ಮನೆಗೆ ಹೋಗಕೂಡದು" ಎಂದು ನಮ್ಮಮ್ಮ ಪಟ್ಟು ಹಿಡಿದಳು. ಸುಂದುಸ್ ಹೋಗಲೇಬೇಕಾಗಿತ್ತು, ನನಗೆ ಗೊತ್ತು. ಆದರೂ ಹೋದಳಲ್ಲ! ಆಮೇಲೆ ಹಬ್ಬಕ್ಕೊಂದು ಫೋನು, ಯಾವಾಗಲೋ ಒಂದು ಮಧ್ಯಾಹ್ನದ ಭೇಟಿ, ಕೈಯಲ್ಲಿ ಅಳತೆಗೆ ಸಣ್ಣದಾದ ಒಂದು ಫ್ರಾಕು.

ಹದಿನೆಂಟು ವರ್ಷ ಆ ಮಗುವಿಗೆ ಬೆಳಗಿನ ತಿಂಡಿ ಹಾಕಿದವಳು ನಾನು. ದಿಗ್ಬಂಧನದ ಕಾಲದಲ್ಲಿ ಸಕ್ಕರೆ ಇಲ್ಲದಾಗ, ದವಡೆಯಲ್ಲಿ ಖರ್ಜೂರ ಒತ್ತಿಟ್ಟುಕೊಂಡು ಚಹಾ ಕುಡಿಯುವುದನ್ನು ಕಲಿಸಿದವಳು ನಾನು. ಬಾಂಬು ಬೀಳುವಾಗ ಮೆಟ್ಟಿಲ ಕೆಳಗೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ತುಪ್ಪದಲ್ಲಿ ಬಾಡಿಸಿದ ಖರ್ಜೂರಕ್ಕೆ ಮೊಟ್ಟೆ ಒಡೆದು ಮಾಡಿದ್ದನ್ನು ತಿನ್ನಿಸಿದವಳು ನಾನು. ಬೀದಿಯವರೆಲ್ಲ ನನ್ನನ್ನು ಉಮ್ಮ್ ರಫಲ್, ರಫಲ್‌ಳ ತಾಯಿ, ಎಂದೇ ಕರೆಯುವುದು. ಬಹೀಜಾ ಎಂಬ ನನ್ನ ಹೆಸರು ರೇಷನ್ ಚೀಟಿಯಲ್ಲಿ ಮಾತ್ರ ಉಳಿದಿದೆ. ಮದುವೆಯೇ ಆಗದವಳಿಗೆ ಅಂಥ ಹೆಸರು ಸುಮ್ಮನೆ ಬರುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಮಾರ್ಚ್ ಒಂದರ ಗುರುವಾರ ಮದುವೆ. ಶುಕ್ರವಾರ ಬೆಳಿಗ್ಗೆ ಮದುಮಗಳ ಮೊದಲ ತಿಂಡಿ ತವರಿನಿಂದ ಹೋಗಬೇಕು. ಪದರು ಪದರಾಗಿ ಬೇಯಿಸಿ ಪಾಕದಲ್ಲಿ ಮೀಯಿಸಿದ ಬಿಸಿ ಕಾಹಿ ರೊಟ್ಟಿ, ಅದರ ಮೇಲೆ ಗೇಮರ್. ಆ ತಟ್ಟೆಯನ್ನು ಹೊತ್ತು ಬೀಗರ ಹೊಸಿಲು ದಾಟುವವಳು ತಾಯಿ. ಬಗ್ದಾದಿನ ಎಲ್ಲ ಮನೆಯಲ್ಲೂ ತಾಯಿಯೇ. ಇಬ್ಬರೂ ಹೋದರಾಗದೇ ಎಂದು ಯಾರಾದರೂ ಕೇಳಬಹುದು. ತಟ್ಟೆ ಹಿಡಿದವಳು ಮುಂದೆ ಹೋಗುತ್ತಾಳೆ. ಹಿಂದಿನಿಂದ ಹೋಗುವವರು ಅತ್ತೆಯರು, ಚಿಕ್ಕಮ್ಮಂದಿರು. ನಾನು ಹಿಂದಿನಿಂದ ಹೋಗುವವಳಲ್ಲ.

ಗಂಡಿನ ತಾಯಿ ಉಮ್ಮ್ ಹಾರಿಥ್ ಕೂಡ ವಿಚಾರಿಸಿದರಂತೆ, ತಟ್ಟೆ ಹಿಡಿದು ಯಾರು ಬರುತ್ತಾರೆ ಎಂದು. ರಫಲ್ ಸಂಜೆ ನನ್ನ ಪಕ್ಕ ಕೂತು, ಉಗುರು ಕಚ್ಚುತ್ತಾ ಹೇಳಿದಳು.

"ನೀನೇನಂದೆ?" ಅಂದೆ.

"ನಾನೇನೂ ಅನ್ನಲಿಲ್ಲ. ಅತ್ತೆ, ದಮ್ಮಯ್ಯ, ನನ್ನನ್ನ ಕೇಳಬೇಡ. ನೀವಿಬ್ರೇ ಮಾತಾಡ್ಕೊಳ್ಳಿ."

"ಮಾತಾಡೋದು ಏನಿದೆ?"

"ಅದನ್ನೇ ಮಾತಾಡ್ಕೊಳ್ಳಿ" ಎಂದು ಎದ್ದು ಓಡಿದಳು.

ಫೆಬ್ರವರಿ ೧೨, ಸೋಮವಾರ

ಬೆಳಕು ಹರಿಯುವ ಮೊದಲೇ ಬೀದಿಯ ತುದಿಗೆ ಹೋಗಿ ತಿಸ್ವಾಹಿನಳನ್ನು ಹಿಡಿದೆ. ಫುಧೈಲಿಯಾದ ಎಮ್ಮೆ ಕೊಟ್ಟಿಗೆಗಳಿಂದ ತಲೆಯ ಮೇಲೆ ಗೇಮರ್ ಹೊತ್ತು ಬರುವ ಆಕೆ ನಮ್ಮ ಬೀದಿಗೆ ನಿತ್ಯದ ಸೂರ್ಯ. ಕರಿ ಅಬಾಯಾ, ಗಲ್ಲದ ಮೇಲೆ ಹಚ್ಚೆ, ಬಾಯಿಗೆ ಬೀಗವಿಲ್ಲ.

"ಮಾರ್ಚ್ ಎರಡಕ್ಕೆ ದೊಡ್ಡ ತಟ್ಟೆ ಬೇಕು. ಒಂದೇ ಬಿಲ್ಲೆ, ಎಲ್ಲೂ ಬಿರುಕಿರಬಾರದು" ಅಂದೆ.

"ತಾಯಿ ತಟ್ಟೆ ಅಲ್ವಾ ಉಮ್ಮ್ ರಫಲ್, ನಂಗೊತ್ತಿಲ್ವಾ? ನನ್ನ ಕರಿ ಎಮ್ಮೆಗೆ ಈವತ್ತಿಂದ್ಲೇ ಹೇಳಿಡ್ತೀನಿ. ದೊಡ್ಡ ಮನೆ ಮದ್ವೆ ಕಣೇ, ವಸಿ ಕೆನೆ ಜಾಸ್ತಿ ಬಿಡು ಅಂತ."

ಮನೆಗೆ ಬಂದಾಗ ಸುಂದುಸ್ ಅಂಗಳದಲ್ಲಿ ನಿಂತಿದ್ದಳು. "ಇಷ್ಟು ಬೇಗ ಎಲ್ಲಿಗೆ ಹೋಗಿದ್ರಿ?" ಅಂದಳು. "ಗಾಳಿಗೆ" ಅಂದೆ. ಬಗ್ದಾದಿನಲ್ಲಿ ಫೆಬ್ರವರಿಯ ಆ ಚಳಿಯಲ್ಲಿ ಗಾಳಿಗೆ! ಅವಳು ತಲೆಯಾಡಿಸಿದಳು. ಯಾವುದಕ್ಕೂ ವಾದ ಮಾಡುವುದಿಲ್ಲ ಇವಳು, ಅದೇ ನನಗೆ ಮೈ ಉರಿಯುವುದು.

ಫೆಬ್ರವರಿ ೧೫, ಗುರುವಾರ

ಇವತ್ತು ನನ್ನ ಒಲೆಗೆ ಕೈ ಹಾಕಿದಳು.

ಬಾಜಿಲ್ಲಾ ಮಾಡಿದ್ದೆ. ನೆನೆಸಿದ ದಪ್ಪ ಕಾಳನ್ನು ಮೆತ್ತಗೆ ಬೇಯಿಸಿ, ಒಣ ರೊಟ್ಟಿಯನ್ನು ಆ ಬೇಯಿಸಿದ ನೀರಿನಲ್ಲೇ ಅದ್ದಿ, ಮೇಲೆ ಕಾಳು, ಕರಿದ ಮೊಟ್ಟೆ, ಪುದೀನದ ಒಣ ಪುಡಿ, ಕೊನೆಗೆ ಚುರ್ ಎನ್ನುವ ತುಪ್ಪ. ತುಪ್ಪ ಕಾಯಿಸಲೆಂದು ನಾನು ಅತ್ತ ತಿರುಗಿದ್ದೆನಷ್ಟೆ. ಅವಳು ಅಂಗಳದ ಮರದಿಂದ ಹುಳಿಕಿತ್ತಳೆ ಕಿತ್ತು ತಂದು ಅದರ ಮೇಲೆ ಹಿಂಡುತ್ತಿದ್ದಾಳೆ!

"ಏನಿದು?"

"ಹುಳಿ ಬಿದ್ರೆ ಕಾಳು ಎದ್ದು ಕೂರುತ್ತೆ, ಅತ್ತಿಗೆ."

"ನಮ್ಮನೆ ಕಾಳು ಮಲಗಿಲ್ಲ" ಅಂದೆ.

ರಫಲ್ ನಕ್ಕು ನಕ್ಕು ಚಹಾ ಮೂಗಿಗೆ ಏರಿಸಿಕೊಂಡಳು. ಒಲೆಯ ಮುಂದೆ ಯಾರು ನಿಲ್ಲುತ್ತಾರೆ ಎಂಬುದನ್ನು ಆಮೇಲೆ ನಾನು ಸ್ಪಷ್ಟವಾಗಿ ಹೇಳಿದೆ. ತಿಂಡಿ ನಾನು ಮಾಡುತ್ತೇನೆ, ಚಹಾ ನಾನು ಹಾಕುತ್ತೇನೆ, ನೀನು ಅತಿಥಿ. "ಅತಿಥಿ" ಎಂದಾಗ ಅವಳ ಮುಖ ಸಣ್ಣದಾಯಿತು. ಆಗಲಿ, ನನಗೇನು.

ಫೆಬ್ರವರಿ ೧೭, ಶನಿವಾರ

ಬಟ್ಟೆಗೆಂದು ಮೂವರೂ ಪೇಟೆಗೆ ಹೋಗಿದ್ದೆವು. ನಮ್ಮ ತರಕಾರಿಯವನು ಅಂಗಡಿಯೊಳಗಿಂದ ಕೂಗಿದ, "ಉಮ್ಮ್ ರಫಲ್! ಎಳೇ ಸೌತೆಕಾಯಿ ಬಂದಿದೆ!" ನಾನು ತಿರುಗಿದೆ. ಅವಳೂ ತಿರುಗಿದಳು.

ಬೀದಿಯ ನಡುವೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತೆವು. ತರಕಾರಿಯವನ ಕೈಯಲ್ಲಿ ಸೌತೆಕಾಯಿ ಹಾಗೇ ನಿಂತಿತ್ತು. ಮೊದಲು ತಲೆ ತಗ್ಗಿಸಿದವಳು ಅವಳು. "ಅಭ್ಯಾಸ, ಅತ್ತಿಗೆ. ಅಲ್ಲಿ ಬಸ್ರಾದಲ್ಲೂ ನನ್ನನ್ನ ಹಾಗೇ ಕರೆಯೋದು" ಅಂದಳು.

ಕಣ್ಣಿಗೆ ಕಾಣದ ಮಗಳ ಹೆಸರನ್ನು ಇಷ್ಟು ವರ್ಷ ಅಲ್ಲಿ ಹೊತ್ತು ತಿರುಗಿದ್ದಾಳೆ! ನನಗೆ ಸಿಟ್ಟು ಬರಬೇಕಾಗಿತ್ತು. ಬಿಸಿಲಿಗೋ ಏನೋ, ತಲೆ ಭಾರವಾಯಿತು. ಸೌತೆಕಾಯಿ ಕೊಂಡು ಮನೆಗೆ ಬಂದೆವು. ಬೆಳಿಗ್ಗೆಯ ಚೀಸಿಗೆ ಚೆನ್ನಾಗಿರುತ್ತದೆ.

ಫೆಬ್ರವರಿ ೨೦, ಮಂಗಳವಾರ

ಇಡೀ ದಿನ ಹಾಸಿಗೆ ಹೊದಿಕೆಗೆ ಅಂಚು ಹೊಲಿದೆವು. ಸುಂದುಸಳ ಹೊಲಿಗೆ ಸೊಟ್ಟ. ಬಿಚ್ಚಿ ಮತ್ತೆ ಹೊಲಿದೆ. ಅವಳು ಗೊತ್ತಾಗದವಳ ಹಾಗೆ ಸೂಜಿಗೆ ದಾರ ಪೋಣಿಸಿ ಪೋಣಿಸಿ ಕೊಟ್ಟಳು. ನನ್ನ ಕಣ್ಣಿಗೆ ಈಗ ದಾರ ಪೋಣಿಸಲು ಆಗುವುದಿಲ್ಲ, ಅದನ್ನು ಯಾರಿಗೂ ಹೇಳಿರಲಿಲ್ಲ.

ಬಾಜಿಲ್ಲಾ ಇವತ್ತು ಯಾಕೋ ಸಪ್ಪೆ. ಹುಳಿಕಿತ್ತಳೆ ಹಿಂಡಿದ್ದು ಕಮ್ಮಿಯಾಯಿತು.

ಫೆಬ್ರವರಿ ೨೩, ಶುಕ್ರವಾರ

ತಿಂಡಿಗೆ ಕೂತವರು ಮಧ್ಯಾಹ್ನದ ಬಾಂಗ್ ಕೂಗುವವರೆಗೆ ಎದ್ದಿಲ್ಲ. ನಾಚಿಕೆಗೇಡು. ಮದುವೆ ಮನೆಯಲ್ಲಿ ರಾಶಿ ಕೆಲಸ ಬಿದ್ದಿದೆ.

ಶುರುವಾದದ್ದು ಮುಹನ್ನದನಿಂದ. ಅವನಿಗೆ ಸಮ್ಮೂನನ್ನು ಚಹಾದಲ್ಲಿ ಅದ್ದುವ ಚಟ. ಅದು ಯಾವಾಗಲೂ ಮುರಿದು ಲೋಟದೊಳಗೆ ಬೀಳುವುದು, ಅವನು ಚಮಚೆಯಲ್ಲಿ ಹುಡುಕುತ್ತಾ ಅದಕ್ಕೇ ಬೈಯುವುದು. ಸುಂದುಸ್ ಅದನ್ನು ಮಾಡಿ ತೋರಿಸಿದಳು. ಲೋಟದೊಳಗೆ ಇಣುಕಿ, ಅವನ ದಪ್ಪ ದನಿಯಲ್ಲಿ, "ಬಾ ಮಗನೇ ಹೊರಗೆ, ಗಂಡಸಾದ್ರೆ ಬಾ!" ಅಂದಳು. ಥೇಟು ಅವನೇ. ಹುಬ್ಬು ಎತ್ತುವುದು ಸಹ. ನನಗೆ ನಗು ತಡೆಯಲಾಗದೆ ಕೆಮ್ಮು ಬಂದು, ರಫಲ್ ಬೆನ್ನು ತಟ್ಟಬೇಕಾಯಿತು.

"ಅಪ್ಪ ಹಾಗಿದ್ರಾ?" ಎಂದು ರಫಲ್ ನಮ್ಮಿಬ್ಬರನ್ನೂ ಕೇಳಿದಳು. ಹಾಗೇ ಇದ್ದ ಅಂದೆವು. ಅವಳಿಗೆ ಅವನ ಒಂದು ಫೋಟೋ ಬಿಟ್ಟು ಬೇರೇನೂ ಗೊತ್ತಿಲ್ಲ. ನಾನು ಯಾಕೆ ಇಷ್ಟು ವರ್ಷ ಅವನ ವಿಷಯ ಹೇಳಲಿಲ್ಲ? ಹೇಳಿದರೆ ಅಳು ಬರುತ್ತಿತ್ತು, ಮಗುವಿನ ಮುಂದೆ ಅಳಬಾರದು ಅಂತ. ಇವತ್ತು ಒಬ್ಬಳು ಮರೆತದ್ದನ್ನು ಇನ್ನೊಬ್ಬಳು ನೆನಪು ಮಾಡಿಕೊಡುತ್ತಾ, ಹುಡುಗಿಯ ಮುಂದೆ ಅವನನ್ನು ಇಡಿಯಾಗಿ ಕೂರಿಸಿದೆವು.

ಖರ್ಜೂರದ ಜೋನಿಯ ಡಬ್ಬ ಆಗಲೇ ಖಾಲಿ. ಯಾರು ತಿನ್ನುತ್ತಾರೋ ಗೊತ್ತಿಲ್ಲ. ಬಸ್ರಾದಿಂದ ಇನ್ನೊಂದು ತರಿಸು ಎಂದು ಸುಂದುಸಳಿಗೆ ಹೇಳಿದೆ, ಮದುವೆಗೆ ನೆಂಟರು ಬರುತ್ತಾರಲ್ಲ, ಅವರಿಗೆ.

ತಟ್ಟೆಯ ಮಾತು ಮಾತ್ರ ಇನ್ನೂ ಯಾರೂ ಎತ್ತಿಲ್ಲ. ಅವಳು ಎತ್ತಿದರೆ ಏನು ಹೇಳಬೇಕೆಂದು ನಾನು ಎಲ್ಲ ಜೋಡಿಸಿಟ್ಟುಕೊಂಡಿದ್ದೇನೆ. ಅವಳು ಎತ್ತಲೊಲ್ಲಳು.

ಫೆಬ್ರವರಿ ೨೬, ಸೋಮವಾರ

ನಾನೇ ಎತ್ತಿದೆ.

ರಫಲ್ ಗೆಳತಿಯರ ಜೊತೆ ಹೋಗಿದ್ದಳು. ನಾವಿಬ್ಬರೇ ಅಂಗಳದಲ್ಲಿ ಬಿಸಿಲಿಗೆ ಕೂತು ತಾಂಬಾಳ ತಿಕ್ಕುತ್ತಿದ್ದೆವು, ಬೂದಿ ಹಾಕಿ, ನಿಂಬೆ ಹೋಳು ಹಾಕಿ. ಅದೇ ತಾಂಬಾಳದಲ್ಲಿ ಕಾಹಿ ಹೋಗಬೇಕಾದ್ದು. ನಾನು ಕೇಳಿಯೇಬಿಟ್ಟೆ.

"ಇದನ್ನ ಹೊತ್ಕೊಂಡು ಹೋಗೋ ಆಸೆ ಇದೆಯಾ ನಿನಗೆ?"

ಅವಳ ಕೈ ನಿಂತಿತು. "ಇಲ್ಲ ಅಂದ್ರೆ ಸುಳ್ಳಾಗುತ್ತೆ" ಅಂದಳು. ಮತ್ತೆ ಬೂದಿ ಹಾಕಿ ತಿಕ್ಕುತ್ತಾ ಮಾತು ಮುಂದುವರಿಸಿದಳು. "ಬಸ್ರಾದ ಮನೆಯಲ್ಲಿ ಅವರ ಮೊದಲನೇ ಹೆಂಡತಿ ಮಗಳು ಒಬ್ಳಿದ್ಲು, ನಿಮಗೆ ಗೊತ್ತಲ್ಲ, ಸಬಾ. ಅವಳ ಹೆತ್ತವಳು ಬದುಕೇ ಇದ್ಲು."

"ವಿಧುರ ಅಂತ ಹೇಳಿದ್ರು ನಿಮ್ಮಣ್ಣಂದಿರು?"

"ಸುಳ್ಳು. ಹೆಂಡತೀನ ಬಿಟ್ಟಿದ್ರು, ಅಷ್ಟೇ. ಆಕೆ ಅದೇ ಊರಲ್ಲಿದ್ಲು. ಸಬಾ ನನ್ನ ಕೈಗೆ ಬಂದಾಗ ರಫಲ್‌ಳಷ್ಟೇ ಇದ್ಲು, ಅದೇ ವಯಸ್ಸು, ಅದೇ ಥರದ ಜಡೆ. ದಿನಾ ನಾನೇ ಜಡೆ ಹಾಕಿದೆ. ಬೆಳೆಸಿದೆ. ಮದುವೆಯೂ ಆಯ್ತು. ಮರುದಿನ ಬೆಳಿಗ್ಗೆ ಹೆತ್ತವಳು ಬಂದ್ಲು, ಹೊಸ ಅಬಾಯಾ ಹಾಕ್ಕೊಂಡು. ನಾನು ಕಾಹಿಗೆ ಪಾಕ ಕಾಸಿ, ಗೇಮರ್ ಇಟ್ಟು, ತಟ್ಟೆ ಆಕೆ ಕೈಗೆ ಕೊಟ್ಟೆ. ಆಕೆ ಹೋದ್ಲು. ನಾನು ಸಬಾಳ ಹಾಸಿಗೆ ಮಡಿಸಿಟ್ಟೆ."

"ಹುಡುಗಿ ಏನೂ ಅನ್ನಲಿಲ್ವಾ?"

"ಮಕ್ಕಳಿಗೆ ಏನ್ ತಿಳಿಯುತ್ತೆ, ಅತ್ತಿಗೆ. ಖುಷಿಯಾಗಿದ್ಲು."

ನಾನು ಜೋಡಿಸಿಟ್ಟುಕೊಂಡಿದ್ದ ಮಾತು ಒಂದೂ ಉಪಯೋಗಕ್ಕೆ ಬರಲಿಲ್ಲ. ಎಲ್ಲವನ್ನೂ ಬೇರೆ ಒಬ್ಬ ಸುಂದುಸಳಿಗೆ ಜೋಡಿಸಿದ್ದೆ. "ನಿಂಬೆ ಹೋಳು ಇತ್ತ ಕೊಡು" ಅಂದೆ. ಕೊಟ್ಟಳು. ತಾಂಬಾಳ ಮುಖ ಕಾಣುವಂತೆ ಹೊಳೆಯಿತು, ಇಬ್ಬರೂ ಅದರೊಳಗೆ ಮುದುಕಿಯರ ಹಾಗೆ ಕಂಡೆವು.

ತಟ್ಟೆಯ ವಿಷಯ ಮಾತ್ರ ಎಲ್ಲಿತ್ತೋ ಅಲ್ಲೇ ಉಳಿಯಿತು. ನಾನು ಬಿಟ್ಟುಕೊಟ್ಟಿಲ್ಲ. ಅವಳ ಕಷ್ಟ ಅವಳದ್ದು, ನನ್ನ ಹಕ್ಕು ನನ್ನದು.

ಫೆಬ್ರವರಿ ೨೮, ಬುಧವಾರ

ಈ ಮೇಜಿನಲ್ಲಿ ರಫಲ್‌ಳ ಕೊನೆಯ ನಿತ್ಯದ ತಿಂಡಿ ಇಂದು ಆಯಿತು. ನಾಳೆ ಬೆಳಿಗ್ಗೆಯಿಂದಲೇ ಅಲಂಕಾರದವರು ಬರುತ್ತಾರೆ. ಮೊಟ್ಟೆ, ಚೀಸ್, ಸೌತೆಕಾಯಿ, ಎಳ್ಳಿನ ಹಿಟ್ಟಿನಲ್ಲಿ ಕಲಸಿದ ಜೋನಿ, ಎಲ್ಲ ಇಟ್ಟೆ. ಅವಳು ಏನನ್ನೂ ತಿನ್ನದೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮುಟ್ಟಿದಳು.

"ತಿನ್ನು, ಇಲ್ದಿದ್ರೆ ನಾಳೆ ಎಲ್ಲರ ಮುಂದೆ ಬಿದ್ದು ಹೋಗ್ತೀಯ" ಅಂದೆ.

"ಬಿದ್ರೆ ಹಾರಿಥ್ ಹಿಡೀತಾನೆ."

"ಅವನ ಕೈ ನೋಡಿದೀನಿ. ಚಹಾ ಲೋಟ ಹಿಡಿಯೋಕೇ ಬರಲ್ಲ ಅವನಿಗೆ."

ನಗುತ್ತಾ ನಗುತ್ತಾ ಅಳತೊಡಗಿದಳು. ನಾನು ಅವಳ ತಲೆ ನನ್ನ ಎದೆಗೆ ಒತ್ತಿಕೊಂಡೆ. ಈ ತಲೆಯ ವಾಸನೆ ನನಗೆ ಕತ್ತಲಲ್ಲೂ ಗೊತ್ತು. ನನಗೆ ಇದಕ್ಕಿಂತ ಪ್ರೀತಿಯದು ಈ ಲೋಕದಲ್ಲಿ ಬೇರೆ ಏನೂ ಇಲ್ಲ, ಬರೆದಿಡುತ್ತೇನೆ, ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಸುಂದುಸ್ ಎದ್ದು ಅಂಗಳಕ್ಕೆ ಹೋದಳು. ತಾನು ಇಲ್ಲಿರಬಾರದು ಅಂದುಕೊಂಡಳೇನೋ. ಸ್ವಲ್ಪ ಹೊತ್ತಾದ ಮೇಲೆ ನಾನೇ ಕಿಟಕಿಯಿಂದ ಕೂಗಿದೆ, "ಒಳಗೆ ಬಾರೇ, ಚಳಿ ಹಿಡಿಯುತ್ತೆ!"

ಮಾರ್ಚ್ ೧, ಗುರುವಾರ

ಮದುವೆ ಆಯಿತು. ಕಾಲು ಊದಿದೆ. ಹುಡುಗಿ ಚಂದ ಕಂಡಳು.

ಮಾರ್ಚ್ ೨, ಶುಕ್ರವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಬೆಳಗಿನ ಪ್ರಾರ್ಥನೆ ಮುಗಿಸಿ, ಇದಕ್ಕೆಂದೇ ಹೊಲಿಸಿದ ಬೂದು ಉಡುಪು ತೊಟ್ಟು ಅಡುಗೆಮನೆಗೆ ಬಂದೆ. ಸುಂದುಸ್ ಆಗಲೇ ಅಲ್ಲಿದ್ದಳು, ನೀಲಿ ಉಡುಪು ತೊಟ್ಟು, ತಲೆಗೆ ಹೊಸ ವಸ್ತ್ರ ಸುತ್ತಿ. ಇಬ್ಬರೂ ಒಬ್ಬರನ್ನೊಬ್ಬರು ಮೇಲಿಂದ ಕೆಳಗೆ ನೋಡಿಕೊಂಡೆವು. "ಚೆನ್ನಾಗಿ ಕಾಣ್ತೀರಾ" ಅಂದಳು. "ನೀನೂನು" ಅಂದೆ. ಮೂಲೆಯ ಬೇಕರಿಯಿಂದ ನಾನು ಕಾಹಿ ತಂದೆ, ಅಷ್ಟರಲ್ಲಿ ಅವಳು ಪಾಕ ಕಾಸಿದ್ದಳು. ಒಲೆಗೆ ಯಾಕೆ ಕೈ ಹಾಕಿದೆ ಎಂದು ಕೇಳಲು ನನಗೆ ಪುರಸೊತ್ತಿರಲಿಲ್ಲ.

ತಿಸ್ವಾಹಿನ್ ಬಂದಳು. ತಲೆಯ ಮೇಲಿಂದ ತಟ್ಟೆ ಇಳಿಸಿದಳು. ಎಂಥ ಗೇಮರ್! ದಪ್ಪ, ಬೆಳ್ಳಗೆ, ಎಲ್ಲೂ ಒಂದು ಗೆರೆ ಇಲ್ಲ. ಆದರೆ ಒಂದೇ ತಟ್ಟೆ. ನಾನು ಹೇಳಿದ್ದೂ ಒಂದೇ. ಆದರೆ ಸುಂದುಸ್ ಆಕೆಯ ಬೆನ್ನ ಹಿಂದೆ ಇಣುಕಿ ನೋಡಿದಳು, ಇನ್ನೇನೋ ಬರಬೇಕೆಂಬಂತೆ.

"ನನ್ನದು?" ಅಂದಳು ಮೆಲ್ಲಗೆ.

"ಇದೇ ಅಲ್ವೇನವ್ವಾ?" ಅಂದಳು ತಿಸ್ವಾಹಿನ್. "ನೀನು ಬಂದ ಮಾರನೇ ದಿನ ಬಂದು ಹೇಳ್ದೆ, ರಫಲ್‌ಳ ಮದ್ವೆಗೆ ತಾಯಿ ತಟ್ಟೆ ಅಂತ. ಆಮೇಕೆ ಇವ್ರೂ ಬಂದು ಹೇಳಿದ್ರು, ತಾಯಿ ತಟ್ಟೆ ಅಂತ. ಒಂದೇ ಮನೆ, ಒಂದೇ ಮದ್ವೆ. ಮರೆತೋಗ್ತಳೆ ಮುದುಕಿ ಅಂತ ಇಬ್ರೂ ಗ್ಯಾಪ್ನ ಮಾಡ್ತಾವ್ರೆ ಅಂದ್ಕಂಡೆ. ಒಬ್ಬ ಮದುಮಗಳಿಗೆ ಎಲ್ಲಾದ್ರೂ ಎರಡು ತಾಯಿ ತಟ್ಟೆ ಹೋಗಾದುಂಟಾ?"

ನನಗಿಂತ ಮೊದಲೇ ಹೋಗಿ ಹೇಳಿದ್ದಾಳೆ ಈ ಮೂಕಿ! ಸುಂದುಸಳ ಮುಖ ಕೆಂಪಾಗಿತ್ತು. ನನ್ನದೂ ಆಗಿದ್ದಿರಬೇಕು. ಹೊರಗೆ ಟ್ಯಾಕ್ಸಿಯವನು ಹಾರನ್ ಒತ್ತಿದ. ಹಾರಿಥನ ಮನೆ ಹೊಳೆಯಾಚೆ, ಕಾಹಿ ಆರುವುದರೊಳಗೆ ಸೇತುವೆ ದಾಟಬೇಕು.

"ಈಗ ಯಾರ ಕೈಗೆ ಕೊಡ್ಲಿ?" ಅಂದಳು ತಿಸ್ವಾಹಿನ್, ಎರಡೂ ಕೈಯಲ್ಲಿ ತಟ್ಟೆ ಹಿಡಿದು. "ತಾಯಿ ಯಾರು ಅಂತ ಹೇಳಿ, ನಾನಿನ್ನೂ ನಾಕು ಬೀದಿ ತಿರುಗಬೇಕು."

ಸುಂದುಸ್ ಒಂದು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿದಳು. ಆ ಬಸ್ರಾದ ಬೆಳಿಗ್ಗೆಯೂ ಇವಳು ಹೀಗೇ ಸರಿದು ನಿಂತಿದ್ದಿರಬೇಕು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾರ ಮೇಲೆ ಎಂದು ಈಗಲೂ ಗೊತ್ತಾಗುತ್ತಿಲ್ಲ.

"ಅವಳ ಕೈಗೆ ಕೊಡು" ಅಂದೆ.

"ಅತ್ತಿಗೆ, ಬೇಡ."

"ಹದಿನೆಂಟು ವರ್ಷ ರಫಲ್‌ಗೆ ತಿಂಡಿ ಕೊಟ್ಟಿದೀನಿ ನಾನು. ಸಾಕಾಗಿ ಹೋಗಿದೆ. ಒಂದು ದಿನ ನೀನು ಕೊಡು."

ಅವಳು ಅಲುಗಾಡಲಿಲ್ಲ. ನಾನೇ ಗೇಮರನ್ನು ಕಾಹಿಯ ಪಕ್ಕಕ್ಕಿಟ್ಟು, ತಾಂಬಾಳವನ್ನು ಬಟ್ಟೆಯಲ್ಲಿ ಮುಚ್ಚಿ, ಅವಳ ಕೈಗಿಟ್ಟು, ಹೆಗಲು ಹಿಡಿದು ಟ್ಯಾಕ್ಸಿಯವರೆಗೆ ದಬ್ಬಿಕೊಂಡು ಹೋದೆ. "ನೀವೂ ಬನ್ನಿ" ಅಂದಳು. "ನಾನು ಹಿಂದಿನಿಂದ ಬರೋಳಲ್ಲ" ಅಂದೆ. ಬಾಗಿಲು ಹಾಕಿದೆ. ಹೋಯಿತು.

ಒಳಗೆ ಬಂದು ಚಹಾ ಇಟ್ಟೆ. ಬೂದು ಉಡುಪಿನಲ್ಲೇ ಕೂತೆ. ಈ ಮನೆ ಇಷ್ಟು ದೊಡ್ಡದಿತ್ತೇ? ಒಂದು ಕಣ್ಣು ಅತ್ತಿತು, ಇನ್ನೊಂದು ಕಣ್ಣು ಗಡಿಯಾರ ನೋಡಿತು. ಮಾಡಿದ್ದು ಸರಿ ಎಂದು ಅನ್ನಿಸುತ್ತಿತ್ತು, ಸರಿ ಮಾಡಿದವಳಿಗೆ ಇಷ್ಟು ನೋವಾಗಬಾರದು ಎಂದೂ ಅನ್ನಿಸುತ್ತಿತ್ತು. ಆ ಹೊತ್ತಿಗೆ ಅವಳು ಹೊಸಿಲು ದಾಟಿರುತ್ತಾಳೆ, ಬನ್ನಿ ಉಮ್ಮ್ ರಫಲ್ ಎಂದು ಬೀಗಿತಿ ಕರೆದಿರುತ್ತಾಳೆ, ಇನ್ನು ಮೇಲೆ ಆ ಹೆಸರು ಅವಳದ್ದೇ ಎಂದು ಲೆಕ್ಕ ಹಾಕುತ್ತಾ ಕೂತೆ.

ಫೋನು ಬಂತು. ರಫಲ್. ಪಿಸುಗುಟ್ಟುತ್ತಿದ್ದಳು, ಬಚ್ಚಲುಮನೆಯೊಳಗೆ ಸೇರಿಕೊಂಡಿದ್ದಳೋ ಏನೋ.

"ಅತ್ತೆ, ನಿನ್ನ ಮಂಡಿ ಹೇಗಿದೆ?"

"ಯಾವ ಮಂಡಿ? ನನ್ನ ಮಂಡಿಗೇನಾಗಿದೆ?"

"ನಡೆಯೋಕಾಗ್ತಾ ಇಲ್ವಂತೆ?"

"ಯಾರು ಹೇಳಿದ್ದು?"

ಆ ಕಡೆ ನಗುವೋ ಅಳುವೋ, ತಿಳಿಯಲಿಲ್ಲ. "ಉಮ್ಮ್ ಹಾರಿಥ್ ಬಾಗಿಲು ತೆಗೆದ್ರು, ಅತ್ತೆ. ಎಲ್ಲರೂ ನಿಂತಿದ್ವಿ. ಬನ್ನಿ ಬನ್ನಿ ಉಮ್ಮ್ ರಫಲ್ ಅಂದ್ರು. ಅಮ್ಮ ಹೊಸಿಲು ತುಳಿಯಲೇ ಇಲ್ಲ. ತಾಂಬಾಳ ಹಿಡ್ಕೊಂಡು ಅಲ್ಲೇ ನಿಂತು ಹೇಳಿದ್ಲು, ಎಲ್ಲರಿಗೂ ಕೇಳೋ ಹಾಗೆ. 'ಉಮ್ಮ್ ರಫಲ್‌ಗೆ ಮಂಡಿ ನೋವು, ಬರೋಕಾಗಲಿಲ್ಲ. ಮಗಳಿಗೆ ತಿಂಡಿ ಆರಬಾರದು ಅಂತ ನನ್ನ ಕೈಲಿ ಕಳಿಸಿದಾರೆ' ಅಂದ್ಲು."

ನಾನು ಬೂದು ಉಡುಪಿನ ನೆರಿಗೆ ನೀವಿಕೊಂಡೆ.

"ಅತ್ತೆ, ಇದೀಯಾ? ನಾನು ಓಡಿ ಹೋಗಿ ಅವಳನ್ನ ತಬ್ಬಿಕೊಂಡೆ. ಗೇಮರ್ ನನ್ನ ಬಟ್ಟೆಗೆಲ್ಲ ಆಯ್ತು. ಅತ್ತೆ?"

"ಬಟ್ಟೆ ತಣ್ಣೀರಲ್ಲಿ ನೆನೆಹಾಕು. ಬಿಸಿನೀರು ಹಾಕಬೇಡ, ಜಿಡ್ಡು ಹಿಡಿಯುತ್ತೆ" ಎಂದು ಫೋನು ಇಟ್ಟುಬಿಟ್ಟೆ.

ಆಮೇಲೆ ಟ್ಯಾಕ್ಸಿ ಬಂತು. ಸುಂದುಸ್ ಒಳಗೆ ಬಂದಳು, ಖಾಲಿ ತಾಂಬಾಳ ಕಂಕುಳಲ್ಲಿ, ನೀಲಿ ಉಡುಪಿನ ಎದೆಯ ಮೇಲೆ ಬೆಳ್ಳಗೆ ಕೆನೆಯ ಗುರುತು. "ಕೊಟ್ಟು ಬಂದೆ. ಚೆನ್ನಾಗಿ ತಿಂದ್ಲು. ಎಲ್ಲ ಸರಿಯಾಯ್ತು" ಅಂದಳು. ಅಷ್ಟೇ. ಹೊಸಿಲಿನ ಮಾತು ಎತ್ತಲಿಲ್ಲ. ಇವಳು ಎತ್ತುವವಳೂ ಅಲ್ಲ, ಸತ್ತರೂ.

ನಾನು ಒಲೆಯ ಮುಂದೆ ನಿಂತಿದ್ದೆ. ಚಹಾ ಪಾತ್ರೆಯ ಮುಚ್ಚಳ ತೆಗೆದೆ, ಮುಚ್ಚಿದೆ, ಮತ್ತೆ ತೆಗೆದೆ.

"ನನಗೆ ಮಂಡಿ ನೋವಂತೆ" ಅಂದೆ ಕೊನೆಗೆ, ಅವಳ ಕಡೆ ತಿರುಗದೆ.

ಅವಳು ತಾಂಬಾಳವನ್ನು ಗೋಡೆಗೆ ಒರಗಿಸಿ, ಬಂದು ನನ್ನ ಕೈಯಿಂದ ಮುಚ್ಚಳ ತೆಗೆದುಕೊಂಡಳು.

"ಮಂಡಿ ನೋವಿರೋರು ಒಲೆ ಮುಂದೆ ನಿಂತ್ಕೋಬಾರದು" ಅಂದಳು. "ಹೋಗಿ ಕೂತ್ಕೊಳ್ಳಿ. ಚಹಾ ನಾನು ತರ್ತೀನಿ."

ಹೋಗಿ ಕೂತೆ.